ಆಸ್ಟಿನ್‌ನಲ್ಲಿಲ್ಲದ ಅಣ್ಣ

ಲಿಟಲ್ ಎಲ್ಮ್
ಟೆಕ್ಸಸ್, 2 ಮಾರ್ಚ್ 2025, ಭಾನುವಾರ

ಸುಮುಖ ಅಣ್ಣನಿಗೆ,

ಕಾಗದದ ಶುರುವಿನಲ್ಲಿ ಕ್ಷೇಮ ಅಂತ ಬರೆಯಲೇಬೇಕು ಎಂದು ಕನ್ನಡ ಕ್ಲಾಸಿನ ಉಷಾರಾಣಿ ಆಂಟಿ ಹೇಳಿದ್ದಾರೆ. ನನಗೆ ನೆಗಡಿ. ಹಾಗಾಗಿ ನಾನು ಮುಕ್ಕಾಲು ಕ್ಷೇಮ. ಅಮ್ಮ ಕ್ಷೇಮ. ಅಪ್ಪ ಲಾಸ್ ಕೊಲಿನಾಸ್ ಆಫೀಸಿನಲ್ಲಿ ಇರುವಾಗ ಕ್ಷೇಮ, ಮನೆಗೆ ಬಂದ ಮೇಲೆ ಗೊತ್ತಾಗುವುದಿಲ್ಲ.

ಹೋಮ್‌ವರ್ಕ್ ಏನೆಂದರೆ, ದೂರದಲ್ಲಿರುವ ಒಬ್ಬರಿಗೆ ಕನ್ನಡದಲ್ಲಿ ಕಾಗದ ಬರೆದು ನಿಜವಾಗಿ ಪೋಸ್ಟ್ ಮಾಡಬೇಕು. ಎಲ್ಲರೂ ಇಂಡಿಯಾದ ಅಜ್ಜಿಗೆ ಬರೆದರು. ನಮ್ಮ ಅಜ್ಜಿ ದಿನಾ ವಿಡಿಯೋ ಕಾಲ್‌ನಲ್ಲಿ ಸಿಗುತ್ತಾರೆ. ನೀನು ಸಿಗುವುದಿಲ್ಲ. ಹೋದ ವರ್ಷ ಮನೆ ಬಿಡುವಾಗ ನೀನು ಫೋನನ್ನು ಊಟದ ಟೇಬಲ್ ಮೇಲೆ ಇಟ್ಟು ಹೋದೆ. ಈಗ ಅದು ಚಮಚದ ಡ್ರಾಯರಿನಲ್ಲಿದೆ. ನಿನ್ನ ವಿಳಾಸ ಅಮ್ಮ ಕೊಟ್ಟಳು. ಅವಳಿಗೆ ಹೇಗೆ ಸಿಕ್ಕಿತು ಅಂದರೆ, "ಸುಮ್ಮನೆ ಬರ್ಕೋ" ಅಂದಳು.

ಅಪ್ಪ ಎಲ್ಲರಿಗೂ ನೀನು ಆಸ್ಟಿನ್‌ನಲ್ಲಿ ಓದುತ್ತಿದ್ದೀಯ ಅಂತ ಹೇಳುತ್ತಾರೆ. ಕ್ಲಾಸಿನಲ್ಲಿ ನಿವೇದಿತಾ ನನ್ನನ್ನು ಕೇಳಿದಳು. ನಾನೂ ಆಸ್ಟಿನ್ ಅಂದೆ. ಆಮೇಲೆ ಹೊಟ್ಟೆ ನೋವು ಬಂತು. ನೀನು ಸ್ಕೂಲು ಯಾಕೆ ಬಿಟ್ಟೆ? ಯಾರೂ ನನಗೆ ಹೇಳಿಲ್ಲ. ಗ್ಯಾಲ್ವೆಸ್ಟನ್ ಸಮುದ್ರದ ದಡದಲ್ಲಿದೆಯಂತೆ, ನಿನ್ನ ಸಮುದ್ರ ನೀಲಿನಾ?

ಕೊನೆಯಲ್ಲಿ ಇಂತಿ ಅಂತ ಬರೆಯಬೇಕಂತೆ. ಇಂತಿ ಅಂದರೆ ಏನು?

ದಿಯಾ


ಗ್ಯಾಲ್ವೆಸ್ಟನ್
8 ಮಾರ್ಚ್ 2025, ಶನಿವಾರ

ಪುಟ್ಟಿ,

ಇಂತಿ ಅಂದರೆ ಏನೋ ನನಗೂ ಸರಿಯಾಗಿ ಗೊತ್ತಿಲ್ಲ. ನನ್ನ ಕನ್ನಡ ಮೈಸೂರಿನ ನಾಲ್ಕನೇ ಕ್ಲಾಸಿಗೆ ನಿಂತಿದೆ. ಮಿಕ್ಕಿದ್ದು ಅಮ್ಮನ ಹಳೇ ವಾರಪತ್ರಿಕೆಗಳದ್ದು.

ಸಮುದ್ರ ನೀಲಿ ಅಲ್ಲ. ಹಾಲು ಕಮ್ಮಿ ಬಿದ್ದ ಕಾಫಿಯ ಬಣ್ಣ. ಫೋಟೋ ನೋಡಿ ಬಂದವರು ದಡದಲ್ಲಿ ನಿಂತು ಎತ್ತಿದ ಫೋನನ್ನು ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಾರೆ. ಆದರೆ ಬೆಳಿಗ್ಗೆ ಮಂಜು ಬಿದ್ದಾಗ ಬಣ್ಣದ ಪ್ರಶ್ನೆಯೇ ಇರುವುದಿಲ್ಲ. ಆಕಾಶ, ನೀರು, ದೋಣಿ ಕಟ್ಟುವ ಡಾಕ್‌ನ ಹಲಗೆ ಎಲ್ಲ ಒಂದೇ ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆ. ಒಳಗಿಂದ ಒಂದು ಪೆಲಿಕನ್ ಹಕ್ಕಿ ಬರುತ್ತದೆ, ನಿದ್ದೆಯಲ್ಲಿ ನಡೆಯುವ ತಾತನಂತೆ, ಕಂಬದ ಮೇಲೆ ಕೂರುತ್ತದೆ. ನಾನು ಸೀಗಡಿ ದೋಣಿಗಳನ್ನು ತೊಳೆಯುತ್ತೇನೆ, ಐಸ್ ತುಂಬುತ್ತೇನೆ. ನನ್ನ ಕೈಯ ವಾಸನೆ ಅಮ್ಮನಿಗೆ ವರ್ಣಿಸಬೇಡ. ಸೀಗಡಿ ತಿಂದೆಯಾ ಅಂದರೆ, ಒಮ್ಮೆ ತಿಂದೆ. ಇಷ್ಟ ಆಗಲಿಲ್ಲ.

ಸ್ಕೂಲು ಬಿಟ್ಟಿದ್ದು. ಕಾಲೇಜಿನ ಅರ್ಜಿಗೆ ಪ್ರಬಂಧ ಬರೆಸಲು ಅಪ್ಪ ಒಬ್ಬ ಕೋಚ್ ಗೊತ್ತುಮಾಡಿದ್ದರು. ನಿನ್ನನ್ನು ಬದಲಿಸಿದ ಒಂದು ಕಷ್ಟದ ಬಗ್ಗೆ ಬರಿ ಅಂತ ಆ ಕೋಚ್ ಅಂದರು. ನನಗೇನು ಕಷ್ಟ? ಮೂರು ಹೊತ್ತು ಊಟ, ನನ್ನದೇ ರೂಮು. ಹಾಗೇ ಬರೆದೆ. "ಅಜ್ಜಿ ಹೋದ ದುಃಖ ಬರಿ" ಅಂದರು. "ಅಜ್ಜಿ ಇದ್ದಾರೆ ಸರ್" ಅಂದೆ. "ಅದು ಕಾಲೇಜಿನವರಿಗೆ ಹೇಗೆ ಗೊತ್ತಾಗುತ್ತೆ?" ಅಂದರು. ಮಾರನೆಯ ದಿನ ನಾನು ಸ್ಕೂಲಿಗೆ ಹೋಗಲಿಲ್ಲ. ಅದರ ಮಾರನೆಯ ದಿನವೂ ಹೋಗಲಿಲ್ಲ. ಪರೀಕ್ಷೆಗೆ ಮೂರು ತಿಂಗಳಿತ್ತು.

ಆಸ್ಟಿನ್ ಸುಳ್ಳು ನಿನ್ನದಲ್ಲ, ಅದನ್ನು ಹೊರಬೇಡ. ನಾನು ನಿನಗೆ ಒಂದೇ ಒಂದು ಸುಳ್ಳೂ ಹೇಳುವುದಿಲ್ಲ. ಇದು ನಮ್ಮಿಬ್ಬರ ಕರಾರು.

ವಾರದಲ್ಲಿ ನನಗೆ ಶನಿವಾರ ಒಂದೇ ರಜೆ. ಸರಿ ಪುಟ್ಟಿ, ಬರ್ತೀನಿ.

ಸುಮುಖ


ಲಿಟಲ್ ಎಲ್ಮ್
16 ಮಾರ್ಚ್ 2025, ಭಾನುವಾರ

ಅಣ್ಣ,

ನಿನ್ನ ಕಾಗದ ಬುಧವಾರ ಬಂತು. ಈಗ ಮೇಲ್‌ಬಾಕ್ಸಿನ ಬೀಗದ ಕೈ ಅಮ್ಮ ನನಗೇ ಕೊಟ್ಟಿದ್ದಾಳೆ. ಕರಾರು ನನಗೆ ತುಂಬ ಇಷ್ಟವಾಯಿತು. ದಿಂಬಿನ ಕವರಿನೊಳಗೆ ಇಟ್ಟುಕೊಂಡಿದ್ದೇನೆ.

ಇಲ್ಲಿನ ನನ್ನ ಕೆರೆ ಈಗ ಹೇಗಿದೆ ಹೇಳುತ್ತೇನೆ. ಮರಳು ಎಲ್ಲಿಂದಲೋ ಲಾರಿಯಲ್ಲಿ ತಂದು ಸುರಿದದ್ದು, ಅದಕ್ಕೇ ಬಹಳ ಕ್ಲೀನ್. ಅಲೆ ಇಲ್ಲ. ನೀರು ಕಮ್ಮಿಯಾದಾಗ ಸತ್ತ ಮರಗಳ ತಲೆ ಕಾಣುತ್ತದೆ. ಸಂಜೆ ಆಚೆ ದಡದ ಮನೆಗಳು ನೀರಿನಲ್ಲಿ ತಲೆಕೆಳಗಾಗಿ ನಿಲ್ಲುತ್ತವೆ. ಆ ಮನೆಗಳಲ್ಲಿ ಇರುವವರು ಪಾತ್ರೆ ಹೇಗೆ ತೊಳೆಯುತ್ತಾರೆ ಅಂತ ಯೋಚಿಸಿದೆ. ನಿನ್ನ ದಡಕ್ಕೆ ಆಚೆ ದಡ ಇದೆಯಾ? ಇಲ್ಲದಿದ್ದರೆ ನೀರು ಎಲ್ಲಿ ನಿಲ್ಲುತ್ತದೆ?

ನಿನ್ನೆ ನಾನು ಕೆರೆ ಹತ್ತಿರ ಇದ್ದೆ. ಸೈನ್ಸ್ ಪ್ರಾಜೆಕ್ಟ್ ಅಂತ ಹೇಳಿ ಹೋಗಿದ್ದೆ. ಬಾತುಕೋಳಿ ಎಣಿಸಿದೆ, ನಲವತ್ತೊಂದು.

ಎರಡು ಪ್ರಶ್ನೆ. ಎಷ್ಟು ಗಂಟೆಗೆ? ಬಸ್ಸಾ, ಕಾರಾ?

ದಿಯಾ


ಗ್ಯಾಲ್ವೆಸ್ಟನ್
22 ಮಾರ್ಚ್ 2025, ಶನಿವಾರ

ಪುಟ್ಟಿ,

ಅಪ್ಪನ ಹಾಗೆ ಪ್ರಶ್ನೆ ಕೇಳುತ್ತೀಯ, ಚುಟುಕಾಗಿ. ಉತ್ತರ: ಬೆಳಿಗ್ಗೆ ಆರು ಗಂಟೆಗೆ. ಬಸ್ಸೂ ಅಲ್ಲ, ಕಾರೂ ಅಲ್ಲ, ಸೈಕಲ್ಲು. ಹಿಂದಿನ ಚಕ್ರ ಸ್ವಲ್ಪ ಸೊಟ್ಟ ಇದೆ, ಅದಕ್ಕೇ ಕೆಲವು ದಿನ ತಡವಾಗುತ್ತದೆ.

ನಿನ್ನ ದಡದ ಪ್ರಶ್ನೆಯೇ ನನ್ನನ್ನು ಕಾಡಿತು. ನಮ್ಮ ಐಸ್ ಕೋಣೆಯ ಗೋಡೆ ಮೇಲೆ ಟೆಕ್ಸಸ್‌ನ ದೊಡ್ಡ ಮ್ಯಾಪ್ ಇದೆ. ಊಟದ ಹೊತ್ತಿನಲ್ಲಿ ಅದರ ಮುಂದೆ ನಿಂತು ನಿನ್ನ ಕೆರೆಯನ್ನು ಹುಡುಕಿದೆ. ಅಲ್ಲಿಂದ ಒಂದು ಸಣ್ಣ ನೀಲಿ ಗೆರೆ ಹೊರಡುತ್ತದೆ. ಡಾಲಸ್ ದಾಟಿ ದಪ್ಪಗಾಗುತ್ತದೆ. ಅದು ಟ್ರಿನಿಟಿ ನದಿ. ಬೆರಳಿಟ್ಟು ಹಿಂಬಾಲಿಸಿದೆ. ಬಂದು ಬಂದು ಎಲ್ಲಿ ಸೇರಿತು ಹೇಳು? ನಮ್ಮ ಕೊಲ್ಲಿಗೆ! ಅಂದರೆ ನೀನು ಕಾಲು ಅದ್ದಿದ ನೀರು ನನ್ನ ಹತ್ತಿರ ಬರುತ್ತಿದೆ. ನಡುವೆ ಅಣೆಕಟ್ಟುಗಳಿವೆ, ಹಾಗಾಗಿ ಯಾವಾಗ ಬರುತ್ತದೆ ಅಂತ ಹೇಳಲಾರೆ.

ಅವತ್ತಿನಿಂದ ಒಂದೇ ಕನಸು. ನಿನ್ನ ತಲೆಕೆಳಗಿನ ಮನೆಗಳು ಒಂದರ ಹಿಂದೊಂದು ತೇಲಿಕೊಂಡು ನಮ್ಮ ಡಾಕ್ ಮುಂದೆ ಹೋಗುತ್ತವೆ. ಕಿಟಕಿಗಳಲ್ಲಿ ದೀಪ ಇದೆ. ಒಂದರಲ್ಲಿ ಅಪ್ಪ ಲ್ಯಾಪ್‌ಟಾಪ್ ನೋಡುತ್ತಾ ಕೂತಿದ್ದಾರೆ. ಕೂಗಿದರೆ ಕೇಳಿಸುವುದಿಲ್ಲ, ಹೆಡ್‌ಫೋನ್ ಹಾಕಿಕೊಂಡಿರುತ್ತಾರೆ.

ಇಲ್ಲಿ ನಿನ್ನೆ ದಕ್ಷಿಣದ ಗಾಳಿ, ಬಿಸಿ, ಉಪ್ಪು. ತುಟಿ ನೆಕ್ಕಿದರೆ ಉಪ್ಪಿನಕಾಯಿ ಜಾಡಿ ನೆನಪಾಗುತ್ತದೆ.

ಬರ್ತೀನಿ.

ಸುಮುಖ


ಲಿಟಲ್ ಎಲ್ಮ್
6 ಏಪ್ರಿಲ್ 2025, ಭಾನುವಾರ

ಅಣ್ಣ,

ಕ್ಷೇಮ.

ಕ್ಲಾಸಿನಲ್ಲಿ ಇವತ್ತು ಮತ್ತೆ ನಿನ್ನ ಬಗ್ಗೆ ಕೇಳಿದರು. ಆಸ್ಟಿನ್ ಅಂದೆ. ಹೊಟ್ಟೆ ನೋವು ಬರಲಿಲ್ಲ. ನೀನು ಯಾವ ಹಾಸ್ಟೆಲಿನಲ್ಲಿ ಇದ್ದೀಯ ಅಂತಲೂ ಹೇಳಿದೆ. ಹೆಸರು ನಾನೇ ಮಾಡಿದ್ದು.

ಎಲ್ಲರೂ ಹೇಳುತ್ತಾರೆ. ನಾನು ಹೇಳಿದರೆ ಏನು?

ಬಾತುಕೋಳಿ ಎಣಿಸುವುದು ಬಿಟ್ಟಿದ್ದೇನೆ.

ದಿಯಾ


ಗ್ಯಾಲ್ವೆಸ್ಟನ್
12 ಏಪ್ರಿಲ್ 2025, ಶನಿವಾರ

ದಿಯಾ,

ನಿನ್ನ ಕಾಗದ ಓದಿ ಸಿಟ್ಟು ಬಂತು. ಮುಚ್ಚಿಡುವುದಿಲ್ಲ. ಹಾಸ್ಟೆಲಿಗೆ ಹೆಸರು ಬೇರೆ! ಅಪ್ಪನಾದರೂ ಒಂದು ಊರಿನ ಹೆಸರಿಗೆ ನಿಲ್ಲಿಸಿದ್ದರು, ನೀನು ಕಟ್ಟಡವನ್ನೇ ಕಟ್ಟಿಬಿಟ್ಟೆ.

ಮನೆಯಲ್ಲಿ ಒಬ್ಬರಾದರೂ ನನ್ನ ಕಡೆ ಇದ್ದಾರೆ ಅಂದುಕೊಂಡಿದ್ದೆ. ನನ್ನ ಬದುಕಿನ ಮೇಲೆ ಬೇರೆ ಯಾರದೋ ಬದುಕನ್ನು ಅಂಟಿಸಿದ ಹಾಗೆ ಆಗುತ್ತದೆ. ನಾನು ಇಲ್ಲಿ ಇದ್ದೇನೆ, ಚರ್ಮ ಸುಲಿದ ಕೈ, ಸೊಟ್ಟ ಸೈಕಲ್ಲು. ಅಲ್ಲಿ ಆಸ್ಟಿನ್‌ನಲ್ಲಿ ಒಬ್ಬ ಬಿಳಿ ಶರ್ಟಿನ ಸುಮುಖ ಲೈಬ್ರರಿಗೆ ಹೋಗುತ್ತಿದ್ದಾನೆ. ನೀವೆಲ್ಲ ಅವನನ್ನು ಸಾಕುತ್ತಿದ್ದೀರಿ.

ಕೆಲಸ ಜಾಸ್ತಿ ಇದೆ. ಬರ್ತೀನಿ.

ಸುಮುಖ


ಗ್ಯಾಲ್ವೆಸ್ಟನ್
10 ಮೇ 2025, ಶನಿವಾರ

ಪುಟ್ಟಿ,

ನಾಲ್ಕು ವಾರವಾಯಿತು. ಕಾಗದವಿಲ್ಲ. ಹುಷಾರಾಗಿದ್ದೀಯ ತಾನೆ? ನನ್ನ ಸಿಟ್ಟಿನ ಕಾಗದ ಎಷ್ಟು ಸಲ ವಾಪಸ್ ಬರಲಿ ಅಂದುಕೊಂಡೆನೋ. ನಮ್ಮ ಡಾಕ್‌ನ ಮಾಲೀಕರು ವಿಯೆಟ್ನಾಂನಿಂದ ಬಂದವರು, ಟ್ರಾನ್ ಅಂತ. "ತಂಗಿ ಬರೆದಿಲ್ಲವಾ?" ಅಂತ ದಿನಾ ಕೇಳುತ್ತಾರೆ. ಇಲ್ಲ ಅಂದರೆ ಒಂದು ಕಿತ್ತಳೆಹಣ್ಣು ಕೊಡುತ್ತಾರೆ. ಈ ವಾರ ಬಹಳ ಕಿತ್ತಳೆ ತಿಂದೆ.

ಸಮುದ್ರಪಾಚಿ ರಾಶಿ ರಾಶಿ ದಡಕ್ಕೆ ಬಂದಿದೆ. ದೂರದಿಂದ ನೋಡಿದರೆ ಯಾರೋ ಕಂದು ಕಂಬಳಿ ಹಾಸಿ ಮರೆತು ಹೋದ ಹಾಗೆ. ಅದರ ಮೇಲೆ ಕೂತು ಯೋಚಿಸಿದೆ. ನಿನಗೆ ಸುಳ್ಳು ಹೇಳಲ್ಲ ಅಂದೆ. ಆದರೆ ಒಂದು ವಿಷಯ ಬಿಟ್ಟು ಹೇಳಿದ್ದೆ. ಕೋಚ್ ಅಜ್ಜಿಯನ್ನು ಸಾಯಿಸಿದ ಕಥೆ ನಿಜ. ಆದರೆ ಅದಕ್ಕೇ ಸ್ಕೂಲು ಬಿಟ್ಟೆ ಅನ್ನುವುದು ಪೂರ್ತಿ ನಿಜವಲ್ಲ. ನಾನು ಎರಡು ಸಬ್ಜೆಕ್ಟಿನಲ್ಲಿ ಫೇಲಾಗುತ್ತಿದ್ದೆ. ಆ ಕಥೆ ಸಿಕ್ಕಿದ್ದು ನನಗೆ ಅನುಕೂಲವಾಯಿತು. ಇದನ್ನು ಅಪ್ಪನಿಗೂ ಹೇಳಿಲ್ಲ. ಮೊದಲು ನಿನಗೆ ಹೇಳುತ್ತಿದ್ದೇನೆ.

ಒಂದು ಸಾಲಾದರೂ ಬರಿ. ಬರ್ತೀನಿ.

ಸುಮುಖ


ಲಿಟಲ್ ಎಲ್ಮ್
18 ಮೇ 2025, ಭಾನುವಾರ

ಅಣ್ಣ,

ನೀನು ಸುಳ್ಳು ಹೇಳುವುದಿಲ್ಲ ಅಂದೆ. ನಾಲ್ಕು ಕಾಗದದಲ್ಲಿ ನಾಲ್ಕು ಸಲ "ಬರ್ತೀನಿ" ಅಂತ ಬರೆದಿದ್ದೀಯ. ಒಂದು ಸಲವೂ ಬರಲಿಲ್ಲ.

ಮೊದಲನೇ ಕಾಗದದಲ್ಲಿ ಶನಿವಾರ ರಜೆ, ಬರ್ತೀನಿ ಅಂತ ಇತ್ತು. ನೀನು ಮನೆಗೆ ಬರುವುದಿಲ್ಲ, ಅಪ್ಪ ಇರುತ್ತಾರೆ, ಅದಕ್ಕೇ ಕೆರೆಗೆ ಬರುತ್ತೀಯ ಅಂದುಕೊಂಡು ಹೋದೆ. ಎಷ್ಟು ಗಂಟೆಗೆ ಅಂತ ಕೇಳಿದೆ. ನೀನು ಆರು ಗಂಟೆಗೆ, ಸೈಕಲ್ಲಿನಲ್ಲಿ, ಚಕ್ರ ಸೊಟ್ಟ, ತಡವಾಗುತ್ತದೆ ಅಂದೆ. ನಾನು ಲೆಕ್ಕ ಹಾಕಿದೆ. ಮುನ್ನೂರು ಮೈಲಿಗೆ ನಾಲ್ಕು ದಿನ ಬೇಕು, ಚಕ್ರ ಸೊಟ್ಟ ಇದ್ದರೆ ಐದು. ಹುಚ್ಚ ಅಂದುಕೊಂಡೆ, ಆದರೆ ನೀನು ಹಾಗೆ ಮಾಡುವವನೇ. ಡಬ್ಬಿಯಲ್ಲಿ ನಿನಗೆ ಪುಳಿಯೋಗರೆ ಇಟ್ಟುಕೊಂಡಿದ್ದೆ. ಮಧ್ಯಾಹ್ನ ನಾನೇ ತಿಂದೆ.

ಸಿಟ್ಟಿನ ಕಾಗದದ ಕೆಳಗೂ ಬರ್ತೀನಿ ಅಂತ ಇತ್ತು. ಬೈಯುವುದಕ್ಕೆ ಬರುತ್ತೀಯ ಅಂತ ಆ ಶನಿವಾರವೂ ಹೋದೆ. ನಿನ್ನೆಯೂ ಹೋದೆ, ಅರ್ಧ ಗಂಟೆ ಮಾತ್ರ. ಒಟ್ಟು ಆರು ಶನಿವಾರ.

ಅಪ್ಪನ ಸುಳ್ಳು ಬೇರೆಯವರಿಗೆ. ನಿನ್ನದು ನನಗೆ.

ಸಬ್ಜೆಕ್ಟ್ ಫೇಲಾಗಿದ್ದು ಪರವಾಗಿಲ್ಲ.

ದಿಯಾ


ಗ್ಯಾಲ್ವೆಸ್ಟನ್
24 ಮೇ 2025, ಶನಿವಾರ

ಪುಟ್ಟಿ,

ಮೊದಲು ನಗು ಬಂತು. ಎರಡನೇ ಸಲ ಓದಿದಾಗ ಪುಳಿಯೋಗರೆ ಹತ್ತಿರ ನಿಂತುಹೋದೆ. ಟ್ರಾನ್ ಅಂಕಲ್ ಏನೂ ಕೇಳದೆ ಕಿತ್ತಳೆ ಕೊಟ್ಟರು.

"ಬರ್ತೀನಿ" ಅಂದರೆ ಬರುತ್ತೇನೆ ಅಂತ ಅಲ್ಲ. ಹೋಗುತ್ತೇನೆ ಅಂತ. ಚಿಕ್ಕವನಿದ್ದಾಗ "ಹೋಗ್ತೀನಿ" ಅಂದರೆ ಅಜ್ಜಿ ಬಾಗಿಲಿಂದ ವಾಪಸ್ ಕರೆದು, "ಹಾಗನ್ನಬಾರದು, ಬರ್ತೀನಿ ಅನ್ನು" ಅಂತ ತಿದ್ದಿ ಕಳಿಸುತ್ತಿದ್ದರು. ಕಾಗದ ಮುಗಿಸುವಾಗ ಕೈ ತಾನಾಗಿ ಬರೆಯಿತು. ನಿನ್ನ ಬಸ್ಸಾ ಕಾರಾ ಪ್ರಶ್ನೆಯನ್ನೂ, ದಿನಾ ಡಾಕ್‌ಗೆ ಕೆಲಸಕ್ಕೆ ಹೇಗೆ ಹೋಗುತ್ತೀಯ ಅಂತ ಓದಿಕೊಂಡೆ. ದಡ್ಡ.

ಇದು ಸುಳ್ಳಲ್ಲ, ವಾಡಿಕೆ ಅಂತ ಬರೆದು ಮುಗಿಸಬಹುದಿತ್ತು. ಆದರೆ ಬರೆಯುತ್ತಾ ಇನ್ನೊಂದು ನೆನಪಾಯಿತು. ಅವತ್ತು ಫೋನನ್ನು ಟೇಬಲ್ ಮೇಲಿಟ್ಟು ಹೊರಡುವಾಗ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಅವಳಿಗೂ ಅದನ್ನೇ ಹೇಳಿದ್ದೆ. ಅಮ್ಮನಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಆದರೂ ಅವಳು ಅದನ್ನು ಯಾವ ಅರ್ಥದಲ್ಲಿ ಇಟ್ಟುಕೊಂಡಳೋ ನನಗೆ ಗೊತ್ತಿಲ್ಲ.

ಆದ್ದರಿಂದ ತಾರೀಕು ಹಾಕಿ ಬರೆಯುತ್ತೇನೆ. ಜೂನ್ 7, ಶನಿವಾರ ಬರುತ್ತೇನೆ. ಕೆರೆಗಲ್ಲ, ಮನೆಗೆ. ಶುಕ್ರವಾರ ನಮ್ಮ ಲಾರಿ ಹೂಸ್ಟನ್ ದಾಟಿ ಆಸ್ಟಿನ್‌ಗೆ ಸೀಗಡಿ ತೆಗೆದುಕೊಂಡು ಹೋಗುತ್ತದೆ. ಅದರಲ್ಲಿ ಜಾಗ ಇದೆ. ಅಲ್ಲಿಂದ ಬೆಳಿಗ್ಗೆ ಡಾಲಸ್ ಬಸ್ಸು. ಆಮೇಲಿನದು ಅಮ್ಮನಿಗೆ ಬಿಟ್ಟಿದ್ದು. ಒಂದು ರಾತ್ರಿ ಇದ್ದು ವಾಪಸ್.

ಅಪ್ಪನಿಗೆ ಒಂದು ಮಾತು ಮುಂಚೆಯೇ ತಿಳಿಸು. ಯಾರಾದರೂ ಓದಿನ ಬಗ್ಗೆ ಕೇಳಿದರೆ ನಾನು ನಿಜ ಹೇಳುತ್ತೇನೆ.

ಸುಮುಖ


ಗ್ಯಾಲ್ವೆಸ್ಟನ್
11 ಜೂನ್ 2025, ಬುಧವಾರ

ಪುಟ್ಟಿ,

ವಾಪಸ್ ಬಂದು ಮೂರು ದಿನವಾಯಿತು. ನಿದ್ದೆಯಲ್ಲಿ ಇನ್ನೂ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಏಕೆಂದರೆ ನಾವಿಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಶನಿವಾರ ಸಂಜೆ ನಿವೇದಿತಾಳ ಅಪ್ಪ ಉದಯಶಂಕರ ಅಂಕಲ್ ಬಂದರಲ್ಲ. ಚಕ್ಕುಲಿ ಮುರಿಯುತ್ತಾ, "ಏನಪ್ಪಾ ದೊಡ್ಡ ಮನುಷ್ಯ, ಆಸ್ಟಿನ್‌ನಿಂದ ಬಂದೆಯಾ?" ಅಂದರು. ನಾನು ಬಾಯಿ ತೆರೆದೆ. ಆಗ ಅಪ್ಪ ಕಣ್ಣಿಗೆ ಬಿದ್ದರು. ಲೋಟ ಎತ್ತಿ ಕಾಫಿ ಕುಡಿಯುತ್ತಿದ್ದರು. ಲೋಟ ಖಾಲಿಯಾಗಿತ್ತು, ಅದನ್ನು ನಾನು ಆಗಲೇ ನೋಡಿದ್ದೆ. ಆದರೂ ಗುಟುಕು ಗುಟುಕಾಗಿ ಕುಡಿಯುತ್ತಿದ್ದರು.

"ಹೌದು ಅಂಕಲ್, ಬೆಳಿಗ್ಗೆ ಬಸ್ಸಿಗೆ" ಅಂದೆ.

"ಹಾಸ್ಟೆಲ್ ಊಟ ಸರಿ ಇಲ್ವೇನೋ, ಕರ್ರಗಾಗಿದ್ದೀಯ" ಅಂದರು. "ಬಿಸಿಲು ಅಂಕಲ್" ಅಂದೆ.

ಲಾರಿ ಇಳಿದದ್ದು ಆಸ್ಟಿನ್‌ನಲ್ಲಿ. ಬಸ್ಸು ಹತ್ತಿದ್ದು ಆಸ್ಟಿನ್‌ನಲ್ಲಿ. ಬಿಸಿಲೂ ನಿಜ. ಒಂದೊಂದು ಮಾತನ್ನೂ ಎತ್ತಿ ನೋಡಿದರೆ ಸುಳ್ಳು ಸಿಗುವುದಿಲ್ಲ. ಆದರೆ ಅದು ಸುಳ್ಳೇ. ನೀನು ಮೂಲೆಯಿಂದ ನನ್ನನ್ನೇ ನೋಡಿದೆ, ಆಮೇಲೆ ಮಹಡಿಗೆ ಹೋದೆ. ಇಷ್ಟು ದಿನ ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡಿದ್ದು ಯಾವುದಕ್ಕೋ, ಅದನ್ನು ನಾನು ಎರಡು ಮಾತಿನಲ್ಲಿ ಮಾಡಿ ಮುಗಿಸಿದೆ. ಮಾಡುವಾಗ ಕಷ್ಟವಾಗಲಿಲ್ಲ, ಅದೇ ಹೆದರಿಕೆ.

ಅಂಕಲ್ ಹೋದ ಮೇಲೆ ಅಪ್ಪ ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು. ಅದು ಥ್ಯಾಂಕ್ಸ್ ಅಂತಲೋ ಕ್ಷಮಿಸು ಅಂತಲೋ ನನಗೆ ತಿಳಿಯಲಿಲ್ಲ. ಫೇಲಾದ ವಿಷಯ ಹೇಳಿದೆ. "ಗೊತ್ತು" ಅಂದರು. ಸ್ಕೂಲಿನಿಂದ ಅವರಿಗೆ ಆಗಲೇ ಈಮೇಲ್ ಬಂದಿತ್ತಂತೆ.

ಭಾನುವಾರ ಬಾಗಿಲಲ್ಲಿ "ಆಗಸ್ಟ್ ಒಂಬತ್ತನೇ ತಾರೀಕು ಶನಿವಾರ ಬರ್ತೀನಿ" ಅಂದಾಗ, "ಡಾಕ್ಟರ ಹಾಗೆ ಅಪಾಯಿಂಟ್‌ಮೆಂಟ್ ಕೊಡ್ತಾನೆ ನೋಡು" ಅಂತ ಅಮ್ಮ ನಕ್ಕಳು. ನೀನು ನಗಲಿಲ್ಲ. ನಿನ್ನದೇ ಸರಿ.

ಸುಮುಖ


ಲಿಟಲ್ ಎಲ್ಮ್
15 ಜೂನ್ 2025, ಭಾನುವಾರ

ಅಣ್ಣ,

ಅವತ್ತು ನನಗೆ ನಿನ್ನ ಮೇಲೆ ಸಿಟ್ಟು ಬರಲಿಲ್ಲ. ನೀನು ಹೌದು ಅಂದಾಗ ನಿನಗೂ ಹೊಟ್ಟೆ ನೋವು ಬಂದ ಹಾಗೆ ಕಂಡಿತು. ಅದನ್ನು ನೋಡಲು ಆಗಲಿಲ್ಲ, ಅದಕ್ಕೇ ಮೇಲೆ ಹೋದೆ.

"ಬರ್ತೀನಿ" ಬಗ್ಗೆಯೂ ಹೇಳಬೇಕಿತ್ತು. ಆಂಟಿಗಳು ಬಾಗಿಲಲ್ಲಿ ಹಾಗಂದರೆ ಹೊರಟರು ಅಂತ ನನಗೂ ಗೊತ್ತಾಗುತ್ತದೆ, ಚಪ್ಪಲಿ ಹಾಕಿಕೊಳ್ಳುತ್ತಿರುತ್ತಾರೆ. ಕಾಗದದಲ್ಲಿ ಬಾಗಿಲು ಎಲ್ಲಿದೆ?

ಇವತ್ತು ರಜೆಗೆ ಮುಂಚಿನ ಕೊನೆ ಕ್ಲಾಸು. ನಿವೇದಿತಾ ಎಲ್ಲರ ಮುಂದೆ, "ನಿಮ್ಮಣ್ಣ ಆಸ್ಟಿನ್‌ನಿಂದ ಬಂದಿದ್ನಂತೆ" ಅಂದಳು. ನಾನು ಹೇಳಿದೆ, "ಆಸ್ಟಿನ್ ಮೇಲೆ ಬಂದ. ಇರೋದು ಗ್ಯಾಲ್ವೆಸ್ಟನ್. ಓದ್ತಾ ಇಲ್ಲ, ದೋಣಿ ತೊಳೀತಾನೆ. ಹಾಸ್ಟೆಲ್ ಹೆಸರು ನಾನೇ ಮಾಡಿದ್ದು, ಸಾರಿ." ಅವಳು "ವಾಟ್?" ಅಂದಳು. ಇಂಗ್ಲಿಷಿನಲ್ಲೂ ಒಂದು ಸಲ ಹೇಳಿದೆ. ಉಷಾರಾಣಿ ಆಂಟಿ, "ಗ್ಯಾಲ್ವೆಸ್ಟನ್ ಅಂತ ಬೋರ್ಡ್ ಮೇಲೆ ಬರಿ ನೋಡೋಣ" ಅಂದರು. ಬರೆದೆ. ಒಂದು ಒತ್ತಕ್ಷರ ತಪ್ಪಾಯಿತು, ತಿದ್ದಿದರು.

ತಿರುಗಿದರೆ ಬಾಗಿಲಲ್ಲಿ ಅಪ್ಪ. ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದರು, ಒಳಗೆ ಬರಲು ಬಿಚ್ಚಿದ ಶೂ ಕೈಯಲ್ಲಿತ್ತು. ಎಷ್ಟು ಕೇಳಿಸಿತೋ ಗೊತ್ತಿಲ್ಲ. ಬೋರ್ಡ್ ಕಾಣುತ್ತಿತ್ತು.

ಕಾರಿನಲ್ಲಿ ರೇಡಿಯೋ ಹಾಕಲಿಲ್ಲ. ಸೇತುವೆ ಮೇಲೆ ಬರುವಾಗ ಕೆರೆ ಬೆಳ್ಳಗೆ, ಮಲಗಿದ ಹಾಗೆ ಇತ್ತು. ಅಪ್ಪ ಅದನ್ನೇ ನೋಡಿ, "ಅವನಿಗೆ ಅಲ್ಲಿ ಅನ್ನ ಸಿಗುತ್ತಾ?" ಅಂದರು. ನಾನು "ನನ್ನ ಯಾಕೆ ಕೇಳ್ತೀರಾ?" ಅಂದೆ. ಕನ್ನಡದಲ್ಲೇ ಅಂದೆ. ಅವರು ಬೈಯಲಿಲ್ಲ.

ಈಗ ಸಂಜೆ. ಇದನ್ನು ಊಟದ ಟೇಬಲ್ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತು ಬರೆಯುತ್ತಿದ್ದೇನೆ. ಅಪ್ಪ ಎರಡು ಸಲ ಬಂದು ಹೋದರು. ಮೂರನೇ ಸಲ ಬಂದು ಎದುರಿಗೆ ಕೂತು ಲಕೋಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಜೇಬಿನಿಂದ ಪೆನ್ನು ತೆಗೆದರು. ನಿನ್ನ ಹೆಸರನ್ನು ಪೂರ್ತಿ ಬರೆದರು, ಇನಿಶಿಯಲ್ ಸಮೇತ. ಆಮೇಲೆ ಪೆನ್ನು ನಿಂತಿತು.

"ಊರು?" ಅಂದರು.

ನಾನು ಒಂದೊಂದೇ ಅಕ್ಷರ ಹೇಳುತ್ತಿದ್ದೇನೆ, ಅವರು ಬರೆಯುತ್ತಿದ್ದಾರೆ.

ದಿಯಾ